ಕಡಲ ದಂಡೆಯ ಊರಿಗೆ ಜನ ಕರೆಯಲು ಹೋಗಿ

ಮೀನು ಬೇಡ ಎಂಬ ಮಾತು ಬರುವ ಹೊತ್ತಿಗೆ ಪೋಸ್ಟರುಗಳು ಅಚ್ಚಾಗಿ ಬಂದು ನಮ್ಮ ಆಫೀಸಿನ ಮೂಲೆಯಲ್ಲಿ ಕಟ್ಟು ಕಟ್ಟಾಗಿ ಕೂತಿದ್ದವು. ಬಸವೇಶ್ವರನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ ನನ್ನ ಆಫೀಸು. ಮೇಳ, ಪ್ರದರ್ಶನಗಳನ್ನು ಏರ್ಪಡಿಸಿಕೊಡುವುದು ನಮ್ಮ ಕಸುಬು. ಆ ಸಲ ಹಿಡಿದಿದ್ದು ಕರಾವಳಿಯ ಒಂದು ಸಣ್ಣ ಊರಿನ ಕೆಲಸ. ಅಲ್ಲಿನ ವರ್ತಕರ ಸಂಘದವರು ಬೆಂಗಳೂರಿನಲ್ಲಿ ಮೂರು ದಿನದ ಮೇಳ ನಡೆಸಿ, ಇಲ್ಲಿನ ಜನ ತಮ್ಮೂರಿನ ಕಡೆ ಮುಖ ಮಾಡುವಂತೆ ಮಾಡಬೇಕೆಂದು ಹೊರಟಿದ್ದರು.

ಹೊರಡುವುದಕ್ಕೆ ಕಾರಣವಿತ್ತು. ಹೆದ್ದಾರಿ ಅಗಲ ಮಾಡುವಾಗ ಊರಿನ ಹೊರಗೆ ಬೈಪಾಸ್ ಬಂತು. ಅಲ್ಲಿಯವರೆಗೆ ಗೋವಾ ಕಡೆ ಹೋಗುವ ಬಸ್ಸು ಕಾರುಗಳೆಲ್ಲ ಪೇಟೆಬೀದಿಯಲ್ಲೇ ಹಾದುಹೋಗಬೇಕಿತ್ತು. ಜನ ಇಳಿದು ಊಟ ಮಾಡುತ್ತಿದ್ದರು, ಗೋಡಂಬಿ, ಉಪ್ಪಿನಕಾಯಿ ಕೊಳ್ಳುತ್ತಿದ್ದರು, ಕತ್ತಲಾದರೆ ಅಲ್ಲೇ ತಂಗುತ್ತಿದ್ದರು. ಬೈಪಾಸ್ ಆದ ಮೇಲೆ ಆ ಊರು ಹಸಿರು ಬೋರ್ಡಿನ ಮೇಲಿನ ಒಂದು ಹೆಸರಾಗಿ ಉಳಿಯಿತು. ಸಂಘದ ಅಧ್ಯಕ್ಷರು ಒಂದು ಲಾಡ್ಜಿನ ಮಾಲೀಕರು. ನಾನು ಊರು ನೋಡಲು ಹೋದಾಗ ಅವರೇ ಪೇಟೆಬೀದಿಯ ಉದ್ದಕ್ಕೂ ಕರೆದುಕೊಂಡು ಹೋಗಿದ್ದರು. ಎಳೆದ ಶಟರುಗಳ ಮುಂದೆ ನಿಂತು, ಒಳಗೆ ಏನಿತ್ತು, ಅಂಗಡಿಯವರು ಈಗ ಎಲ್ಲಿ ಕೆಲಸಕ್ಕಿದ್ದಾರೆ ಎಂದು ಒಂದೊಂದಾಗಿ ಹೇಳಿದರು. ಅವರ ಲಾಡ್ಜಿನ ರೂಮುಗಳಲ್ಲಿ ಹಾಸಿಗೆಯ ಮೇಲೆ ಬಿಳಿ ಚಾದರಗಳು ಸುಕ್ಕಿಲ್ಲದೆ ಹರಡಿದ್ದವು.

"ಬೀಚು ಉಂಟು, ಲೈಟ್‌ಹೌಸ್ ಉಂಟು, ಹೊಳೆ ಕಡಲಿಗೆ ಸೇರುವಲ್ಲಿ ದೋಣಿ ಉಂಟು. ನೋಡುವವರು ಬೇಕು, ಅಷ್ಟೇ," ಎಂದಿದ್ದರು. "ನೀವು ಒಂದು ನೂರು ಮನೆಯವರನ್ನು ಒಂದು ಸಲ ಬರುವ ಹಾಗೆ ಮಾಡಿ ಮೇಡಂ. ಎರಡನೇ ಸಲ ಅವರೇ ಬರ್ತಾರೆ."

ಮೇಳಕ್ಕೆ ಅವರೆಲ್ಲ ತಮ್ಮ ಕೈಯಿಂದಲೇ ದುಡ್ಡು ಹಾಕಿದ್ದರು. ಅದು ನನಗೆ ಗೊತ್ತಿದ್ದುದರಿಂದ ಕೆಲಸ ಶುರುವಿನಿಂದಲೂ ಸ್ವಲ್ಪ ಭಾರವಾಗಿಯೇ ಇತ್ತು.

ಜಾಗ ರಾಜಾಜಿನಗರದ ಒಂದು ಆಟದ ಮೈದಾನ ಎಂದು ನಿಶ್ಚಯವಾಗಿತ್ತು. ಮೆಟ್ರೋ ಹತ್ತಿರ, ಸಂಜೆ ಸುತ್ತಾಡುವ ಜನ ಬೇಕಾದಷ್ಟು. ಮಳಿಗೆಗಳ ನಕ್ಷೆಯನ್ನು ನಾನೇ ಹಾಕಿದ್ದೆ. ಬಾಗಿಲಲ್ಲಿ ಲಾಡ್ಜು, ಹೋಮ್‌ಸ್ಟೇ, ದೋಣಿಯವರು. ನಡುವೆ ಗೋಡಂಬಿ, ಉಪ್ಪಿನಕಾಯಿ, ಕೈಮಗ್ಗದ ಸೀರೆ. ಎಲ್ಲಕ್ಕಿಂತ ಹಿಂದೆ ಮೀನಿನ ಅಡುಗೆಯ ಸಾಲು. ಈ ಕೆಲಸದಲ್ಲಿ ತಿನ್ನುವ ಸಾಲನ್ನು ಯಾವಾಗಲೂ ಕೊನೆಗೆ ಇಡುತ್ತೇವೆ. ವಾಸನೆ ಹಿಡಿದು ಜನ ಒಳಗೆ ನಡೆಯುತ್ತಾರೆ, ನಡೆಯುವಾಗ ಉಳಿದದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಮೊದಲೇ ಹೊಟ್ಟೆ ತುಂಬಿಸಿದರೆ ಬಾಗಿಲಲ್ಲೇ ತಿರುಗಿ ಹೋಗುತ್ತಾರೆ.

ಪಾಲಿಕೆಯ ಕಚೇರಿಯಲ್ಲಿ ಫೈಲು ಮುಂದೆ ಹೋಗಬೇಕಾದರೆ ಸುತ್ತಲಿನ ನಿವಾಸಿಗಳ ಸಂಘದಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕಿತ್ತು. ಸಂಘದ ಕಾರ್ಯದರ್ಶಿ ನಿವೃತ್ತ ಅಧಿಕಾರಿ. ಬೆಳಿಗ್ಗೆ ವಾಕಿಂಗ್ ಮುಗಿಸಿ ಮೈದಾನದಲ್ಲೇ ಸಿಕ್ಕಿದರು. ನಕ್ಷೆಯನ್ನು ನಿಧಾನವಾಗಿ ನೋಡಿ ಮಡಚಿ ನನ್ನ ಕೈಗೆ ಕೊಟ್ಟರು.

"ಗೋಡಂಬಿ ಮಾರಿ, ದೋಣಿ ತೋರ್ಸಿ, ಏನ್ ಬೇಕಾದ್ರೂ ಮಾಡಿ ಮೇಡಂ. ಮೀನು ಹುರಿಯೋದು ಮಾತ್ರ ಬೇಡ," ಎಂದರು. "ಹೋದ ಸಲ ಒಂದು ಫುಡ್ ಮೇಳಕ್ಕೆ ಒಪ್ಕೊಂಡ್ವಿ. ಅವ್ರು ಗಂಟು ಕಟ್ಕೊಂಡು ಹೋದ್ರು, ನಾವು ಎಷ್ಟೋ ದಿನ ನಾಯಿ ಕಾಟ ಅನುಭವಿಸಿದ್ವಿ. ಸುತ್ತ ನೋಡಿ, ಎಲ್ಲಾ ಅಡುಗೆಮನೆ ಕಿಟಕಿಗಳೇ ಈ ಕಡೆಗಿವೆ. ನಿಮಗೆ ಹೇಳಬೇಕಾಗಿಲ್ಲ ಬಿಡಿ."

ಆ ಕೊನೆಯ ಮಾತು ಅವರು ಸುಮ್ಮನೆ ಆಡಿದ್ದಲ್ಲ. ನಮ್ಮ ಮನೆಯವರು ದಾವಣಗೆರೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ. ಈ ಕೆಲಸ ಒಪ್ಪಿಕೊಂಡೆನೆಂದು ಹೇಳಿದ ದಿನ ನನ್ನ ಅತ್ತೆ, "ಹೊಟ್ಟಿಪಾಡು, ಬ್ಯಾಡ ಅನ್ನಂಗಿಲ್ಲ. ಆ ಬಟ್ಟಿ ಉಟ್ಕಂಡು ಅಡಿಗಿಮನಿಗೆ ಮಾತ್ರ ಬರಬ್ಯಾಡವ್ವ," ಎಂದಿದ್ದರು. ಫೋಟೋ ತೆಗೆಯಲು ಆ ಊರಿನ ಮೀನುಬಂದರಿಗೆ ಹೋಗಿ ಬಂದ ದಿನ ನಾನು ಹಿತ್ತಲ ಬಾಗಿಲಿನಿಂದ ಬಚ್ಚಲಿಗೆ ಹೋಗಿ ಸ್ನಾನ ಮಾಡಿಯೇ ಒಳಗೆ ಬಂದಿದ್ದೆ. ಆದ್ದರಿಂದ ಕಾರ್ಯದರ್ಶಿಗಳ ಜೊತೆ ವಾದ ಮಾಡುವ ಮುಖ ನನಗಿರಲಿಲ್ಲ. ಅವರು ಹೇಳಿದ ನಾಯಿ ಕಾಟವೂ ಸುಳ್ಳಾಗಿರಲಿಲ್ಲ.

ಆಫೀಸಿಗೆ ಬಂದು ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರು ಅಷ್ಟೇನೂ ಬೇಸರ ಮಾಡಿಕೊಳ್ಳಲಿಲ್ಲ. "ಹಾಗಾದ್ರೆ ಮೀನು ಬಿಡುವ. ನಮಗೆ ಜನ ಊರಿಗೆ ಬರಬೇಕಾದ್ದು. ತಿನ್ನುದು ಅಲ್ಲಿಗೇ ಬಂದು ತಿನ್ನಲಿ."

ನನ್ನ ಸಹೋದ್ಯೋಗಿಯೂ ಅದನ್ನೇ ಹೇಳಿದ. ಮಳಿಗೆಗಳ ಚೌಕಟ್ಟು, ಶಾಮಿಯಾನ, ದೀಪಗಳ ವ್ಯವಸ್ಥೆ ಅವನದು. ಬ್ಯಾಡರಹಳ್ಳಿಯಲ್ಲಿ ಅವನ ಗೋಡೌನು. "ಮೇಡಂ, ಗ್ರೌಂಡ್ ಸಿಕ್ಕಿರೋದೇ ಪುಣ್ಯ. ಮೀನು ಬಿಟ್ಟಾಕಿ. ಕೆಲ್ಸ ಅರ್ಧ ಕಮ್ಮಿ ಆಗುತ್ತೆ, ನೀರು, ಗ್ಯಾಸು, ವೇಸ್ಟು ಯಾವ್ದೂ ಇರಲ್ಲ."

ಉಳಿದವರು ಒಬ್ಬರೇ. ಮೀನು ಮಾರುವ ಹೆಂಗಸರ ಸಂಘವೊಂದು ಆ ಊರಿನಲ್ಲಿತ್ತು. ಅದರ ಮುಖ್ಯಸ್ಥೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ವಿಷಯ ತಿಳಿದು ಅವರೇ ಫೋನ್ ಮಾಡಿದರು.

"ಮೇಡಂ, ಮೀನಿಲ್ಲ ಅಂತಾದ್ರೆ ನಾವು ಎಂತಕ್ಕೆ ಬರುದು?"

"ಉಪ್ಪಿನಕಾಯಿ, ಒಣಮೀನು ಚಟ್ನಿ ಇಡಬಹುದಲ್ಲ ಅಕ್ಕ. ಪ್ಯಾಕೆಟ್ ಆದ್ರೆ ಅವರು ಏನೂ ಅನ್ನಲ್ಲ."

"ಅದನ್ನು ಅಂಗಡಿಯವರು ತರ್ತಾರೆ. ನಾವಲ್ಲ." ಅಷ್ಟಕ್ಕೇ ಬಿಡದೆ ಕೇಳಿದರು: "ನೀವು ನಮ್ಮೂರಿಗೆ ಬಂದಿದ್ರಲ್ಲ, ಫೋಟೋ ಎಲ್ಲಿ ತೆಗೆದದ್ದು? ಲಾಡ್ಜಲ್ಲಾ?"

ಫೋನಿಟ್ಟ ಮೇಲೆ ನಾನು ಮೂಲೆಯಲ್ಲಿದ್ದ ಪೋಸ್ಟರಿನ ಕಟ್ಟು ಬಿಚ್ಚಿದೆ. ಅದರಲ್ಲಿದ್ದುದೆಲ್ಲ ಬಂದರು. ಬುಟ್ಟಿಯಲ್ಲಿ ಹೊಳೆಯುವ ಬಂಗಡೆ, ಬಲೆ ಜಾಡಿಸುವವರು, ನೀರಿಗೆ ಇಳಿದು ನಿಂತ ಹೆಂಗಸರು. ಕೆಳಗೆ ನಾನೇ ಬರೆದ ಸಾಲು: ಬೆಳಿಗ್ಗೆ ಕಡಲಲ್ಲಿ, ಸಂಜೆ ತಟ್ಟೆಯಲ್ಲಿ. ಲಾಡ್ಜಿನ ಒಂದು ಚಿತ್ರ ಮೂಲೆಯಲ್ಲಿ ಅಂಚೆಚೀಟಿಯಷ್ಟು ಇತ್ತು. ಮೀನು ತಿನ್ನದ ನಾನೇ ಆ ಊರಿನಲ್ಲಿ ನೋಡಬೇಕಾದದ್ದು ಅದು ಎಂದು ತೀರ್ಮಾನಿಸಿದ್ದೆ. ಈಗ ಅದನ್ನು ಬಿಟ್ಟು ಮೇಳ ಮಾಡಿದರೆ ಜನ ನೋಡಲು ಬಂದದ್ದು ಒಂದು, ಸಿಗುವುದು ಇನ್ನೊಂದು ಎಂದಾಗುತ್ತಿತ್ತು. ಜಾಗ ಬದಲಾಯಿಸೋಣ ಎಂದು ನಾನು ಸಹೋದ್ಯೋಗಿಗೆ ಹೇಳಿದೆ. ಅವನು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

ಮುಂದಿನ ದಿನಗಳು ಮಾಗಡಿ ರಸ್ತೆಯ ಮತ್ತು ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಹೋದವು. ವಿಜಯನಗರದಲ್ಲಿ ಒಂದು ಹಾಲ್ ಸಿಕ್ಕಿತು, ಒಳಗೆ ಬೆಂಕಿ ಹಚ್ಚುವಂತಿಲ್ಲ. ಮಹಾಲಕ್ಷ್ಮಿ ಲೇಔಟಿನಲ್ಲಿ ಮತ್ತೊಂದು ಮೈದಾನ, ಅಲ್ಲಿಯೂ ನಿವಾಸಿಗಳ ಸಂಘ, ಅದೇ ಮಾತು. ಕೊನೆಗೆ ಕೆಂಗೇರಿ ಉಪನಗರದ ಹತ್ತಿರ ಒಂದು ಕಲ್ಯಾಣಮಂಟಪದ ಮುಂದಿನ ಬಯಲು ಸಿಕ್ಕಿತು. ಮಾಲೀಕರು ಅಲ್ಲಿಯ ಹಳೆಯ ಊರಿನ ಮನೆತನದವರು. ಹೊಲವಿದ್ದ ಜಾಗದಲ್ಲೇ ಮಂಟಪ ಕಟ್ಟಿದ್ದರು.

"ಮೀನಾ? ಧಾರಾಳವಾಗಿ ಮಾಡ್ಕೊಳಿ," ಎಂದರು. "ಸೋಮವಾರ, ಶನಿವಾರ ಬಿಟ್ರೆ ನಮ್ಮನೇಲೂ ಆಗುತ್ತೆ. ಊಟದ ಹಾಲೊಳಗೆ ಮಾತ್ರ ಬೇಡ ಕಣಮ್ಮ, ನಾಳೆ ಮದುವೆಯವ್ರು ಬಂದು ಮೂಗು ಮುಚ್ಕೋತಾರೆ."

ನಮ್ಮ ಮೇಳ ಶುಕ್ರವಾರದಿಂದ ಭಾನುವಾರ. ನಡುವಿನ ಶನಿವಾರ ಈ ಕಡೆಯ ಎಷ್ಟೋ ಮನೆಗಳಲ್ಲಿ ಮಾಂಸ, ಮೀನು ಮುಟ್ಟುವುದಿಲ್ಲ ಎಂಬುದು ನನ್ನ ತಲೆಗೆ ಬಂದಿರಲೇ ಇಲ್ಲ. ದಿನಾಂಕ ಬದಲಾಯಿಸಲು ಸಾಧ್ಯವಿರಲಿಲ್ಲ, ಹೆಂಗಸರಿಗೆ ಬಸ್ಸಿನ ಟಿಕೆಟ್ ಆಗಿತ್ತು. ಪೊಲೀಸ್ ಅನುಮತಿ, ಅಗ್ನಿಶಾಮಕದವರ ಪತ್ರ, ತಾತ್ಕಾಲಿಕ ವಿದ್ಯುತ್ ಸಂಪರ್ಕ, ಅಡುಗೆಯ ಮಳಿಗೆಗಳ ನೋಂದಣಿ ಎಲ್ಲವನ್ನೂ ಹೊಸ ವಿಳಾಸಕ್ಕೆ ಮೊದಲಿನಿಂದ ಮಾಡಬೇಕಾಯಿತು. ಒಂದು ಕೌಂಟರಿನಲ್ಲಿ ನಿಂತರೆ ಇನ್ನೊಂದು ಕೌಂಟರಿನವರು ಊಟಕ್ಕೆ ಏಳುತ್ತಿದ್ದರು. ಪೋಸ್ಟರುಗಳನ್ನು ಮತ್ತೆ ಅಚ್ಚು ಹಾಕಿಸುವ ಶಕ್ತಿ ಇರಲಿಲ್ಲವಾದ್ದರಿಂದ ವಿಳಾಸದ ಮೇಲೆ ಹೊಸ ಪಟ್ಟಿ ಅಂಟಿಸಿದೆವು. ಆಫೀಸಿನ ನೆಲದ ಮೇಲೆ ಕೂತು ಅಂಟಿಸುತ್ತ ನನ್ನ ಸೊಂಟ ಹಿಡಿದುಕೊಂಡಿತು. ಕೆಲವು ಪಟ್ಟಿಗಳು ಸೊಟ್ಟಗಾದವು. ಬಿಟ್ಟೆ.

ಹೊಸ ಜಾಗದಲ್ಲಿ ನಕ್ಷೆ ಹಾಕುವಾಗ ಇನ್ನೊಂದು ತೊಡಕು ಕಾಣಿಸಿತು. ನಲ್ಲಿಯೂ ಚರಂಡಿಯೂ ಇದ್ದುದು ಗೇಟಿನ ಪಕ್ಕದಲ್ಲಿ ಮಾತ್ರ. ಮೀನು ತೊಳೆಯುವ ನೀರು ಬಯಲಿನ ಉದ್ದಕ್ಕೂ ಹರಿಯುವಂತಿಲ್ಲ. ಅಡುಗೆಯ ಸಾಲು ಗೇಟಿನ ಹತ್ತಿರವೇ ಬರಬೇಕಿತ್ತು. ಹಾಗಾದರೆ ಲಾಡ್ಜು, ಹೋಮ್‌ಸ್ಟೇ ಹಿಂದಕ್ಕೆ ಹೋಗುತ್ತವೆ.

"ಉಲ್ಟಾ ಆಯ್ತಲ್ಲ ಮೇಡಂ," ಎಂದ ಸಹೋದ್ಯೋಗಿ.

"ಪೈಪ್ ಎಳೆಯೋಕಾಗಲ್ವಾ?"

"ನೀರು ತರಬೋದು. ಕೊಳಚೆ ನೀರು ವಾಪಸ್ ಹೆಂಗ್ ತರ್ತೀರಾ? ಬಯಲು ಆ ಕಡೆ ಇಳಿಜಾರು."

ಅಧ್ಯಕ್ಷರಿಗೆ ನಕ್ಷೆ ಕಳಿಸಿದೆ. ನೋಡಿದ್ದೇನೆ ಎಂದು ಒಂದು ಸಾಲು ಬರೆದರು.

ಗುರುವಾರ ಸಂಜೆ ಊರಿನಿಂದ ಮೀನಿನ ಲಾರಿ ಹೊರಟಿತು. ಹೆಂಗಸರು ಅದಕ್ಕಿಂತ ಮೊದಲೇ ಬಸ್ಸು ಹತ್ತಿ ಶುಕ್ರವಾರ ನಸುಕಿಗೇ ಕೆಂಗೇರಿಯಲ್ಲಿ ಇಳಿದರು. ನಾನು ತಲುಪುವಾಗ ಅವರೆಲ್ಲ ಸ್ನಾನ ಮುಗಿಸಿ ಮಸಾಲೆ ರುಬ್ಬಲು ಕೂತಿದ್ದರು. ಅಕ್ಕ ಒಬ್ಬರೇ ಗೇಟಿನ ಹತ್ತಿರ ಫೋನ್ ಹಿಡಿದು ನಿಂತಿದ್ದರು. ಘಾಟಿಯಲ್ಲಿ ಗ್ಯಾಸಿನ ಟ್ಯಾಂಕರೊಂದು ಮಗುಚಿ ಎರಡೂ ಕಡೆ ವಾಹನ ನಿಲ್ಲಿಸಿದ್ದಾರೆ, ನಮ್ಮ ಲಾರಿ ಹಿಂದೆಯೂ ಹೋಗದೆ ಮುಂದೆಯೂ ಬರದೆ ಸಿಕ್ಕಿಕೊಂಡಿದೆ ಎಂದು ಡ್ರೈವರ್ ಹೇಳಿದನಂತೆ. ದಾರಿ ಯಾವಾಗ ಬಿಡುತ್ತಾರೋ ಯಾರಿಗೂ ಗೊತ್ತಿಲ್ಲ.

"ಐಸ್ ತಡೀತದಾ ಅಕ್ಕ?"

"ಬಿಸಿಲು ಏರಿದ್ರೆ ತಡೆಯುದಿಲ್ಲ. ಬಿಟ್ಟ ಕೂಡ್ಲೆ ವಾಪಸ್ ತಿರುಗಿಸಿ ದಾರಿಯಲ್ಲಿರುವ ಹೋಟೆಲಿನವರಿಗೆ ಕೊಟ್ಟುಬಿಡು ಅಂದೆ. ಸಂಜೆ ಬೇರೆ ಮೀನು ಹೊರಡ್ತದೆ. ಎರಡು ಗಾಡಿಯಲ್ಲಿ, ಮಡಿಕೇರಿ ಮೇಲಿಂದ ಮೈಸೂರು ದಾರಿ. ಒಂದು ನಿಂತ್ರೂ ಇನ್ನೊಂದು ಬರ್ಬೇಕು." ಅವರ ದನಿಯಲ್ಲಿ ಗಾಬರಿ ಇರಲಿಲ್ಲ, ಆದರೆ ಒಂದು ಕೈಯಿಂದ ಗೇಟಿನ ಸರಳನ್ನು ಗಟ್ಟಿಯಾಗಿ ಹಿಡಿದಿದ್ದರು. "ಇವತ್ತಿಗೆ ಇಲ್ಲಿ ಮೀನು ಎಲ್ಲಿ ಸಿಗ್ತದೆ ಹೇಳಿ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಧ್ಯಕ್ಷರು ಬಂದರು. ಉದ್ಘಾಟನೆಗೆ ಬರುವವರನ್ನು ಎದುರುಗೊಳ್ಳಲು ಹೂವಿನ ಹಾರದ ಬುಟ್ಟಿ ಅವರ ಕೈಯಲ್ಲಿತ್ತು. ವಿಷಯ ಕೇಳಿ ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟರು.

"ಇಲ್ಲಿಯ ಮಾರ್ಕೆಟಿಂದ ತರಿಸಿ. ಬೇಗ. ಯಾರಿಗೆ ಗೊತ್ತಾಗ್ತದೆ?"

"ಅದನ್ನೇ ಹೇಳಿದ್ದು ನಾನು," ಎಂದರು ಅಕ್ಕ. "ಮಸಾಲೆ ನಮ್ಮದು, ಕೈ ನಮ್ಮದು. ಇಷ್ಟು ಜನ ಹೆಂಗಸರು ಮನೆ ಬಿಟ್ಟು ಬಂದಿದ್ದಾರೆ. ಖಾಲಿ ಕಾವಲಿ ಇಟ್ಟುಕೊಂಡು ನಿಲ್ಲುಕಾಗುದಿಲ್ಲ."

ಸಹೋದ್ಯೋಗಿ ಆಗಲೇ ಗಾಡಿಯ ಕೀಲಿ ತೆಗೆದಿದ್ದ. ಮೂವರೂ ನನ್ನ ಮುಖ ನೋಡಿದರು. ನನ್ನ ತಲೆಯ ಮೇಲೆ ಗೇಟಿನ ಉದ್ದಕ್ಕೂ ಕಟ್ಟಿದ ಬ್ಯಾನರಿನಲ್ಲಿ ಆಳೆತ್ತರದ ಅಕ್ಷರಗಳಲ್ಲಿ ನನ್ನದೇ ಸಾಲು: ಬೆಳಿಗ್ಗೆ ಕಡಲಲ್ಲಿ, ಸಂಜೆ ತಟ್ಟೆಯಲ್ಲಿ.

"ತರಿಸೋಣ," ಎಂದೆ. "ಆದರೆ ಇಲ್ಲಿಂದ ತಂದದ್ದು ಅಂತ ಬೋರ್ಡ್ ಹಾಕಬೇಕು."

ಅಧ್ಯಕ್ಷರಿಗೆ ಸಿಟ್ಟು ಬಂತು. ಅವರು ಗಟ್ಟಿಯಾಗಿ ಮಾತಾಡುವವರಲ್ಲ, ಮಾತು ಇನ್ನೂ ಸಣ್ಣದಾಯಿತು. "ನಮ್ಮೂರಿನ ಮೇಳ, ಬೆಂಗಳೂರಿನ ಮೀನು ಅಂತ ಬರಿತೀರಾ? ಇದಕ್ಕಾ ನಾವು ಇಷ್ಟು ಮಾಡಿದ್ದು? ನೀವು ಮೀನು ತಿನ್ನುದೂ ಇಲ್ಲ ಮೇಡಂ, ನಿಮಗೆ ಇದರದ್ದು ಗೊತ್ತಿಲ್ಲ."

"ಮೀನಿನದ್ದು ಗೊತ್ತಿಲ್ಲ ಸಾರ್. ಆ ಬ್ಯಾನರ್ ಬರೆದದ್ದು ನಾನು. ಅದರ ಕೆಳಗೆ ನಿಂತು ಬೇರೆ ಮೀನು ಮಾರೋದಾದ್ರೆ ಬ್ಯಾನರ್ ಇಳಿಸಿಬಿಡೋಣ."

ಹೇಳುವಾಗ ನನಗೆ ಧೈರ್ಯವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾನು ಎಷ್ಟು ದಣಿದಿದ್ದೆನೆಂದರೆ, ದಿನವಿಡೀ ಬಂದವರಿಗೆಲ್ಲ ಒಂದು ಸುಳ್ಳನ್ನು ನೆನಪಿಟ್ಟುಕೊಂಡು ಹೇಳುತ್ತ ನಿಲ್ಲುವುದು ಆಗದ ಮಾತು ಎನಿಸಿತ್ತು. ಅಕ್ಕ ನಮ್ಮಿಬ್ಬರನ್ನೂ ನೋಡಿದರು.

"ಬೋರ್ಡ್ ಬರೀರಿ. ಮಸಾಲೆ ನಮ್ಮದು ಅಂತ ಮಾತ್ರ ದೊಡ್ಡದಾಗಿ ಬರೀರಿ," ಎಂದು ಸಹೋದ್ಯೋಗಿಯ ಜೊತೆ ತಾವೇ ಗಾಡಿ ಹತ್ತಿ ಮೀನು ಆರಿಸಲು ಹೋದರು.

ನಾನು ಒಂದು ಹಳೆಯ ಫ್ಲೆಕ್ಸಿನ ಬೆನ್ನಿನ ಮೇಲೆ ಬಣ್ಣದಲ್ಲಿ ಬರೆದೆ. ನಮ್ಮ ಮೀನಿನ ಲಾರಿ ಘಾಟಿಯಲ್ಲಿ ನಿಂತಿದೆ. ಇವತ್ತಿನ ಮೀನು ಬೆಂಗಳೂರಿನ ಮಾರುಕಟ್ಟೆಯದು. ಮಸಾಲೆ ನಮ್ಮದು. ನಮ್ಮ ಕಡಲಿನ ಮೀನು ನಾಳೆ ಬರುತ್ತದೆ. ಅದನ್ನೇ ಮೈಕಿನಲ್ಲೂ ಹೇಳಿದೆ. ಉದ್ಘಾಟನೆಗೆ ಬಂದ ಗಣ್ಯರೊಬ್ಬರು ಬೋರ್ಡನ್ನು ಓದಿ ನಕ್ಕು, ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡರು. ಅಧ್ಯಕ್ಷರು ಆ ಫೋಟೋದಲ್ಲಿ ನಿಲ್ಲಲಿಲ್ಲ.

ಮಧ್ಯಾಹ್ನ ಬಂದವರಲ್ಲಿ ಕೆಲವರು ಬೋರ್ಡ್ ಓದಿ ಹಾಗೇ ತಿರುಗಿ ಹೋದರು. ಒಬ್ಬ ಹೆಂಗಸು, "ಇಲ್ಲಿನ ಮೀನೇ ತಿನ್ನೋದಾದ್ರೆ ಮನೇಲೇ ಮಾಡ್ಕೋತೀವಲ್ಲಮ್ಮ," ಎಂದು ನ್ಯಾಯವಾಗಿಯೇ ಹೇಳಿದರು. ಹೆಂಗಸರು ಕಾವಲಿಯ ಮುಂದೆ ಸುಮ್ಮನೆ ನಿಂತಿದ್ದರು. ನಾನು ಅವರ ಕಡೆ ನೋಡುವುದನ್ನು ಬಿಟ್ಟು ದೀಪದ ತಂತಿ ಸರಿಮಾಡುವವನ ಹಿಂದೆ ತಿರುಗುತ್ತಿದ್ದೆ. ಸಂಜೆ ಹತ್ತಿರದ ಕಾಲೇಜಿನ ಹುಡುಗರ ಗುಂಪೊಂದು ಬಂತು. ಒಬ್ಬ ಬೋರ್ಡನ್ನು ಜೋರಾಗಿ ಓದಿದ.

"ಮಗಾ, ಇವ್ರೇ ಹೇಳ್ತಾವ್ರೆ ನೋಡೋ, ನಮ್ದಲ್ಲ ಅಂತ."

"ಆಂಟಿ, ನಾಳೆ ಪಕ್ಕಾ ಬರುತ್ತಾ ಒರಿಜಿನಲ್ಲು?" ಎಂದು ಇನ್ನೊಬ್ಬ ಅಕ್ಕನನ್ನು ಕೇಳಿದ.

"ಬರ್ತದೆ. ಇವತ್ತಿಂದು ತಿಂದು ಹೋಗು, ನಾಳೆ ಬಂದು ಅದನ್ನು ತಿನ್ನು. ಆಮೇಲೆ ನೀನೇ ಹೇಳು ಯಾವುದು ಎಂತದು ಅಂತ."

ಅವರು ತಿಂದರು. ಅಕ್ಕ ಮಾತಾಡುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ, ಎಲ್ಲೆಲ್ಲಿಗೋ ಹಾಕಿದರು. ನಾವು ಪಟ್ಟಿ ಅಂಟಿಸಿದ ಪೋಸ್ಟರುಗಳೆಲ್ಲ ಮಾಡದ ಕೆಲಸವನ್ನು ಅದು ಮಾಡಿತು.

ಶನಿವಾರ ಬೆಳಿಗ್ಗೆ ಎರಡೂ ಗಾಡಿಗಳು ಬಂದವು. ಅಕ್ಕ ಪೆಟ್ಟಿಗೆ ತೆಗೆದು ಒಂದು ಬಂಗಡೆಯ ಕಿವಿರನ್ನು ಬೆರಳಲ್ಲಿ ಎತ್ತಿ ನನಗೆ ತೋರಿಸಿದರು. ಕೆಂಪಗಿತ್ತು. ನಾನು ತಲೆಯಾಡಿಸಿದೆ. ಶನಿವಾರ ಜನ ಇರುವುದಿಲ್ಲ ಎಂದು ನಾವು ಎಣಿಸಿದ್ದು ಅರ್ಧ ನಿಜವಾಯಿತು. ಎಷ್ಟೋ ಮನೆಯವರು ಬಂದು ನೋಡಿ, ಇವತ್ತು ತಿನ್ನಲ್ಲ, ನಾಳೆಗೆ ಎತ್ತಿಡ್ತೀರಾ ಎಂದು ಕೇಳಿ ಹೋದರು. ಭಾನುವಾರ ಮಾತ್ರ ಬಯಲು ಸಾಲಲಿಲ್ಲ. ಕೆಂಗೇರಿ, ನಾಗರಬಾವಿ, ಬ್ಯಾಡರಹಳ್ಳಿ ಕಡೆಯಿಂದ ಸಂಸಾರ ಸಮೇತ ಬಂದರು. ಶುಕ್ರವಾರ ತಿಂದವರು ತಿರುಗಿ ಬಂದು ರುಚಿ ಹೋಲಿಸಿ ವಾದ ಮಾಡುತ್ತಿದ್ದರು. ಹಸಿ ಮೀನನ್ನೂ ಕೇಳಿದರು. ಊಟದ ಹೊತ್ತು ಮುಗಿಯುವ ಮೊದಲೇ ಪೆಟ್ಟಿಗೆಗಳು ಬರಿದಾದವು. ಹೆಂಗಸರು ಬೆವರು ಒರೆಸಿಕೊಂಡು ಮೊದಲ ಸಲ ಕೂತು ನಕ್ಕರು. ನಾನೂ ನೀರಿನ ಡ್ರಮ್ಮಿನ ಪಕ್ಕ ಒಂದು ಕುರ್ಚಿ ಎಳೆದು ಕೂತೆ. ಆಗ ಬಯಲಿನ ಕೊನೆಯ ಕಡೆ ಕಣ್ಣು ಹೋಯಿತು.

ಅಧ್ಯಕ್ಷರು ತಮ್ಮ ಮಳಿಗೆಯಲ್ಲಿ ಒಬ್ಬರೇ ಕೂತಿದ್ದರು. ಮೇಜಿನ ಮೇಲೆ ಲಾಡ್ಜಿನ ಕರಪತ್ರಗಳ ಕಟ್ಟುಗಳು ತಂದಂತೆಯೇ ಇದ್ದವು. ಪಕ್ಕದ ದೋಣಿಯವರು ಬಾವುಟ ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ನಾನು ಎದ್ದು ಹೋಗಿ ಅವರ ಎದುರು ಕೂತೆ.

"ಜನ ತುಂಬ ಬಂದ್ರು ಮೇಡಂ," ಎಂದರು.

"ಹೌದು ಸಾರ್."

"ಗೇಟಿಗೆ ಬಂದ್ರು, ಮೀನು ತಿಂದ್ರು, ಅಲ್ಲೇ ನಲ್ಲಿಯಲ್ಲಿ ಕೈ ತೊಳೆದು ಹೋದ್ರು. ನಾನು ನೋಡ್ತಾ ಇದ್ದೆ." ಕರಪತ್ರದ ಒಂದು ಕಟ್ಟನ್ನು ಸರಿಸಿ ಮತ್ತೆ ಅಲ್ಲೇ ಇಟ್ಟರು. "ಇಲ್ಲಿಯವರೆಗೆ ಬಂದವರು ನಾಲ್ಕೈದು ಮನೆಯವರು. ಒಬ್ಬರು ಬಾತ್‌ರೂಮ್ ಎಲ್ಲಿ ಅಂತ ಕೇಳಿದ್ರು."

ಚರಂಡಿ, ಇಳಿಜಾರು ಎಂದೆಲ್ಲ ನಾನು ಹೇಳಬಹುದಿತ್ತು. ಅವರಿಗೆ ಅದು ಗೊತ್ತಿತ್ತು. "ಒಂದು ದಿನ ಜಾಸ್ತಿ ಇದ್ದಿದ್ರೆ..." ಎಂದು ಶುರುಮಾಡಿ ನಿಲ್ಲಿಸಿದೆ.

"ನಾನು ಶುಕ್ರವಾರ ನಿಮಗೆ ಹಾಗೆ ಹೇಳ್ಬಾರ್ದಿತ್ತು," ಎಂದರು ಅವರು. "ಬೋರ್ಡ್ ಹಾಕಿದ್ದು ಸರಿಯೇ. ಅದರಿಂದಲೇ ಜನ ಬಂದದ್ದು. ಆದ್ರೆ ನಾವು ಜನರನ್ನು ನಮ್ಮಲ್ಲಿಗೆ ಕರ್ಕೊಂಡು ಬನ್ನಿ ಅಂದದ್ದು ಮೇಡಂ. ನೀವು ನಮ್ಮ ಮೀನನ್ನು ಅವರಲ್ಲಿಗೆ ತಂದ್ರಿ."

ಅಲ್ಲಿ ಕೂತು ಕರಪತ್ರಗಳನ್ನು ಪೆಟ್ಟಿಗೆಗೆ ತುಂಬಲು ಅವರಿಗೆ ಕೈ ಸೇರಿಸಿದೆ. ಸಹೋದ್ಯೋಗಿಯ ಆಳುಗಳು ಒಂದು ಕಡೆಯಿಂದ ಚೌಕಟ್ಟು ಬಿಚ್ಚುತ್ತ ಬರುತ್ತಿದ್ದರು. ನಮ್ಮ ತಲೆಯ ಮೇಲಿನ ಹಲಗೆ ತೆಗೆಯುವಾಗ, ಏಳ್ತೀರಾ ಸಾರ್ ಎಂದು ಕೇಳಿದರು. ಇಬ್ಬರೂ ಎದ್ದೆವು.

ಅಧ್ಯಕ್ಷರ ಮಾತು ಮುಂದೆ ಇನ್ನೂ ನಿಜವಾಯಿತು. ಮಂಟಪದ ಮಾಲೀಕರು ಗೇಟಿನ ಪಕ್ಕದ ಕೋಣೆಯನ್ನು ಅಕ್ಕನ ಸಂಘಕ್ಕೆ ಭಾನುವಾರದ ಮಟ್ಟಿಗೆ ಬಿಟ್ಟುಕೊಟ್ಟರು. ಈಗ ಪ್ರತಿ ಭಾನುವಾರ ಬೆಳಿಗ್ಗೆ ಆ ಊರಿನ ಗಾಡಿ ಕೆಂಗೇರಿಗೆ ಬರುತ್ತದೆ. ಜನ ಚೀಲ ಹಿಡಿದು ಕಾಯುತ್ತಾರೆ. ಅಕ್ಕ ತಿಂಗಳಿಗೊಮ್ಮೆ ಬರುತ್ತಾರೆ, ಬಂದಾಗ ಫೋನ್ ಮಾಡುತ್ತಾರೆ. ಒಂದೆರಡು ಸಲ ಹೋಗಿ ಮಾತಾಡಿಸಿ ಬಂದಿದ್ದೇನೆ. ಒಮ್ಮೆ ಅವರ ಮನೆಗೆ ಹೊಸ ಹೆಂಚು ಹೊದಿಸಿದ ಫೋಟೋ ತೋರಿಸಿದರು. ನನಗೆ ಕೊಡಲು ಏನೂ ಇಲ್ಲವೆಂದು ಬೇಸರಪಟ್ಟುಕೊಂಡು, ಮರುಸಲ ಬರುವಾಗ ತಮ್ಮ ಹಿತ್ತಲಿನ ತೆಂಗಿನಕಾಯಿ ತಂದರು. ಅತ್ತೆ ಅದನ್ನು ಮೂಸಿ ನೋಡಿ, ಒಳಗೆ ತಗೊಂಡು ಚಟ್ನಿ ಮಾಡಿದರು.

ಪೇಟೆಬೀದಿಗೆ ಮಾತ್ರ ಏನೂ ಆಗಲಿಲ್ಲ. ಮೇಳ ನೋಡಿ ಆ ಊರಿಗೆ ಹೋದವರು ಒಂದು ಟೆಂಪೋ ಟ್ರಾವೆಲರಿನಷ್ಟು ಜನ ಎಂದು ಅಧ್ಯಕ್ಷರೇ ಹೇಳಿದ್ದರು. ಅವರೂ ರಾತ್ರಿ ನಿಲ್ಲದೆ ಮುಂದಕ್ಕೆ ಹೋದರಂತೆ. ಆಮೇಲೆ ಅಧ್ಯಕ್ಷರ ಫೋನ್ ಬರುವುದು ಕಡಿಮೆಯಾಯಿತು. ನಾನೂ ಮಾಡಲಿಲ್ಲ. ಏನು ಕೇಳಬೇಕೆಂದು ತಿಳಿಯುತ್ತಿರಲಿಲ್ಲ.

ಇತ್ತೀಚೆಗೆ ಒಂದು ಮಧ್ಯಾಹ್ನ ಅವರ ಕರೆ ಬಂತು. ಯೋಗಕ್ಷೇಮ ವಿಚಾರಿಸಿ, ಸ್ವಲ್ಪ ಹೊತ್ತು ಬಿಸಿಲಿನ ಬಗ್ಗೆ ಮಾತಾಡಿದರು. ಆಮೇಲೆ, "ಒಂದು ಸಣ್ಣ ಕೆಲಸ ಇತ್ತು ಮೇಡಂ. ಒಂದು ಬೋರ್ಡ್ ಬರೆಸಬೇಕು. ಡಿಸೈನ್ ಮಾಡಿ ಕಳಿಸಿದ್ರೆ ಇಲ್ಲಿ ಹಾಕಿಸಿಕೊಳ್ತೇನೆ," ಎಂದರು.

"ಎಂಥ ಬೋರ್ಡ್ ಸಾರ್?"

"ಲಾಡ್ಜಿನ ಕೆಳಗಿನ ಎರಡು ರೂಮಿನ ನಡುವಿನ ಗೋಡೆ ಒಡೆದು ಐಸ್ ರೂಮ್ ಮಾಡಿದ್ದೇನೆ. ಅಕ್ಕನವರಿಗೇ ಬಾಡಿಗೆಗೆ. ಭಾನುವಾರದ ಮೀನು ಇಲ್ಲಿಂದಲೇ ಹೊರಡುದು ಇನ್ನು."

"ಮೇಲಿನ ರೂಮುಗಳು?"

"ಅವು ಉಂಟು." ಆ ಕಡೆ ಯಾರೋ ಬಾಗಿಲು ಎಳೆದ ಸದ್ದಾಯಿತು. "ಐಸ್ ರೂಮ್ ಅಂತ ದೊಡ್ಡದಾಗಿ ಹಾಕಿ. ಲಾಡ್ಜಿನ ಹೆಸರು ಕೆಳಗೆ ಸಣ್ಣದಾಗಿ ಇರ್ಲಿ. ಚಂದ ಎಂತ ಬೇಡ."

ಅಂದೇ ಸಂಜೆ ಮಾಡಿದೆ. ನೀಲಿ ಹಿನ್ನೆಲೆ, ಬಿಳಿ ಅಕ್ಷರ. ಎರಡು ಸಾಲನ್ನೂ ಒಂದೇ ಅಳತೆಯಲ್ಲಿ ಇಟ್ಟೆ. ಅವರು ಹೇಳಿದಂತೆ ಕೆಳಗಿನ ಸಾಲನ್ನು ಕಿರಿದು ಮಾಡಿ ನೋಡಿದೆ, ಮತ್ತೆ ಹಿಗ್ಗಿಸಿದೆ, ಹಾಗೇ ಕಳಿಸಿದೆ. ಕೆಲವು ದಿನ ಬಿಟ್ಟು ಒಂದು ಫೋಟೋ ಬಂತು. ಲಾಡ್ಜಿನ ಮುಂಭಾಗ, ಏಣಿ ಇನ್ನೂ ಗೋಡೆಗೆ ಒರಗಿಸಿಯೇ ಇತ್ತು, ಎರಡು ಸಾಲಿನ ಬೋರ್ಡು ನಾನು ಕಳಿಸಿದ ಅಳತೆಯಲ್ಲೇ ಮೇಲೆ ಹತ್ತಿತ್ತು. ಮೇಲಿನ ಮಹಡಿಯ ಕಟಕಟೆಯ ಮೇಲೆ ಬಿಳಿ ಚಾದರಗಳನ್ನು ಒಣಹಾಕಿದ್ದರು.